ಸೊನ್ನೆ ಟಿಕೆಟ್

ಸ್ಕ್ಯಾನಿಂಗಿಗೆ ಮೊದಲು ಒಂದೂವರೆ ಲೀಟರ್ ನೀರು ಕುಡಿದು
ಹಿಡಿದುಕೊಂಡು ಕೂರಬೇಕು ಎಂದಳು ಕೌಂಟರಿನ ಹುಡುಗಿ.
ನಕ್ಕೆ.
ಹನ್ನೊಂದು ವರ್ಷದಿಂದ ಶಿವಮೊಗ್ಗ-ತೀರ್ಥಹಳ್ಳಿ ಬಸ್ಸಿನ ಕಂಡಕ್ಟರು ನಾನು,
ಹಿಡಿದುಕೊಳ್ಳುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಬೆಂಚಿನ ಮೇಲೆ ಎಲ್ಲರದೂ ತುಂಬಿದ ಹೊಟ್ಟೆ.
ಪಕ್ಕದವಳು ಕೇಳಿದಳು: ನಿಮಗೆ ಎಷ್ಟು ತಿಂಗಳು?
ನಾಲ್ಕು, ಅಂದೆ.
ಸುಳ್ಳಲ್ಲ. ಮುಟ್ಟಾಗದೆ ನಾಲ್ಕು ತಿಂಗಳು.

ಪರದೆಯ ಮೇಲೆ ಬೂದಿ ಬಣ್ಣದ ಮಬ್ಬು, ಮಬ್ಬಿನ ಅಂಚಿಗೆ
ಸಾಲಾಗಿ ಕಪ್ಪು ಕಪ್ಪು ಸೊನ್ನೆ.
ಮುತ್ತಿನ ಸರದ ಹಾಗೆ ಅಂತ ಓದಿರ್ತೀವಿ ನಾವು,
ಎಂದರು ಡಾಕ್ಟರು. ಒಳ್ಳೆಯವರು.
ನನಗೆ ಮುತ್ತು ಕಾಣಲಿಲ್ಲ.
ಕಂಡದ್ದು ನನ್ನದೇ ಮೆಷೀನಿನಿಂದ ಹೊರಬರುವ ಚೀಟಿ:
ಮಹಿಳೆ ಒಂದು. ಮೊತ್ತ ಸೊನ್ನೆ.

ತೂಕ ಇಳಿಸಿ, ಅನ್ನ ಕಡಿಮೆ ಮಾಡಿ, ಓಡಾಡಿ, ಎಂದರು.
ಇಡೀ ದಿನ ನಿಂತೇ ಇರುತ್ತೇನೆ ಎನ್ನುವುದರೊಳಗೆ
ಮುಂದಿನವರ ಹೆಸರು ಕೂಗಿದರು.

ರಿಪೋರ್ಟಿನಲ್ಲಿ ಇಲ್ಲದ್ದು ಇದು:
ನಾಲ್ಕೂವರೆಗೆ ಅಲಾರಾಂ ಹೊಡೆಯುತ್ತದೆ, ಕೈ ಏಳುವುದಿಲ್ಲ.
ವಿನೋಬನಗರದ ಬಾಡಿಗೆ ಮನೆ, ಟ್ಯೂಬ್‌ಲೈಟಿನ ಕೆಳಗೆ ಕನ್ನಡಿ,
ಗಲ್ಲ ಎತ್ತಿ ಚಿಮಟದಲ್ಲಿ ಒಂದೊಂದೇ ಕೀಳುತ್ತೇನೆ
ನನ್ನ ಮುಖವನ್ನು ನಾನೇ ಕದಿಯುವ ಹಾಗೆ.
ಕೆಲವು ದಿನ ಬಚ್ಚಲಲ್ಲಿ ಚೊಂಬು ಹಿಡಿದು ಕೂತವಳು
ಹಂಡೆಯ ನೀರು ತಣ್ಣಗಾಗುವ ತನಕ ಹಾಗೇ.
ಅಳು ಅಲ್ಲ. ಅಳು ಬಂದರೆ ಪರವಾಗಿಲ್ಲ,
ಅಳುವಿಗೊಂದು ಸ್ಟಾಪ್ ಇರುತ್ತದೆ.

ಒಮ್ಮೆ ಮಂಡಗದ್ದೆ ದಾಟಿದ ಮೇಲೆ
ಬಾಗಿಲ ಕಂಬಿ ಹಿಡಿದು ನಿಂತಿದ್ದೆ, ಆಚೆ ತುಂಗೆ.
ಕೈ ಬಿಟ್ಟರೆ? ಅಂತ ಬಂತು.
ಬಂದದ್ದು ನನ್ನ ದನಿಯಲ್ಲೇ,
ಚಿಲ್ಲರೆ ಕೇಳುವಷ್ಟು ಸಲೀಸಾಗಿ.
ಸೀಟಿ ಊದಿದೆ. ಟೀಕಪ್ಪಣ್ಣ ಗಾಡಿ ನಿಲ್ಲಿಸಿ ತಿರುಗಿದ:
ಇಲ್ಲೆಂತ ಸ್ಟಾಪು ಮಾರಾಯ್ತಿ?
ಇಲ್ಲ, ಅಂದೆ. ರೈಟ್, ಅಂದೆ.
ಹೊರಟಿತು.

ದೊಡ್ಡಾಸ್ಪತ್ರೆಗೆ ಹೋದ ದಿನ
ಯೂನಿಫಾರ್ಮಿನ ಮೇಲೆ ಶಾಲು ಹೊದ್ದುಕೊಂಡಿದ್ದೆ.
ನಾಹಿದಾ ಮೇಡಂ ರಿಪೋರ್ಟು ಮಡಿಸಿಟ್ಟು ಕೇಳಿದರು:
ನಿದ್ದೆ ಹೇಗೆ? ಊಟ ರುಚಿಸಿದ್ದು ಕೊನೇ ಸಲ ಯಾವಾಗ?
ಬದುಕೋದು ಬೇಡ ಅಂತ ಅನ್ನಿಸಿದ್ದಿದೆಯಾ?
ಮೂರನೆಯದಕ್ಕೆ ನಾನು ಮಂಡಗದ್ದೆ, ಅಂದೆ.
ಅವರು ಮಂಡಗದ್ದೆ ಅಂತಲೇ ಬರೆದುಕೊಂಡರು.
ಆಮೇಲೆ ಪೆನ್ನು ಮುಚ್ಚಿ,
ಇದು ಸೋಮಾರಿತನ ಅಲ್ಲ. ಮೈಗೆ ಆದದ್ದು ಮನಸ್ಸಿಗೂ ಆಗುತ್ತೆ.
ಈ ರೂಟಿನಲ್ಲಿ ನೀವೊಬ್ಬರೇ ಇಲ್ಲ, ಎಂದರು.

ಆಗ ನೆನಪಾದವಳು ಅಜ್ಜಿಯ ತಂಗಿ, ಬೂದ್ಯಮ್ಮ.
ಮೀಸೆ ಬೂದ್ಯಮ್ಮ ಅನ್ನುತ್ತಿದ್ದರು.
ಬಸಿರು ನಿಲ್ಲಲಿಲ್ಲ ಅಂತ ತವರಿಗೆ ತಂದು ಬಿಟ್ಟವರು ತಿರುಗಿ ಬರಲಿಲ್ಲ.
ದಿನಗಟ್ಟಲೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು.
ತಾಯಿತ ಕಟ್ಟಿಸಿದರು, ಲಕ್ಕಿ ಬರಲಿನಲ್ಲಿ ಹೊಡೆಸಿದರು,
ನಿದ್ದೆ ಹೇಗೆ ಅಂತ ಯಾರೂ ಕೇಳಲಿಲ್ಲ.
ಮಕ್ಕಳು ಅವಳ ಮೀಸೆ ಎಣಿಸಲು ಓಡುತ್ತಿದ್ದರು.
ನಾನೂ.

ಗುಳಿಗೆ ಶುರುವಾಗಿ ಐದು ವಾರ.
ಹೇಳಿಕೊಳ್ಳುವಂಥದ್ದೇನೂ ಆಗಿಲ್ಲ. ಮುಟ್ಟು ಇನ್ನೂ ಬಂದಿಲ್ಲ.
ಮೊನ್ನೆ ಹಲಸಿನ ಹಪ್ಪಳ ರುಚಿಸಿತು.
ನಿನ್ನೆ ಗಾಜನೂರಿನಲ್ಲಿ ಹತ್ತಿದ ಕಾಲೇಜು ಹುಡುಗಿ,
ಸೆಕೆಯಲ್ಲೂ ಮಾಸ್ಕು. ಜಾರಿದಾಗ ಕಂಡೆ,
ಗಲ್ಲದ ತುಂಬ ಕೆಂಪು ಚುಕ್ಕೆ, ಚಿಮಟದ ಗುರುತು,
ನನಗಲ್ಲದೆ ಇನ್ಯಾರಿಗೆ ತಿಳಿಯಬೇಕು.
ಟಿಕೆಟ್ ಬೇಡ ಬಿಡಿ ಅಕ್ಕ, ಹೇಗೂ ಸೊನ್ನೆ ಅಲ್ವಾ, ಅಂದಳು.

ಬೇಕು, ಅಂದೆ. ಇಟ್ಕೋ.
ಚೆಕಿಂಗಿನವರು ಬಂದರೆ ತೋರಿಸಬೇಕಾದ್ದು ಇದನ್ನೇ.
ಎಲ್ಲಿ ಹತ್ತಿದೆ, ಎಲ್ಲಿಗೆ ಹೊರಟೆ
ಎಲ್ಲ ಇದರಲ್ಲಿ ಬರೆದಿರುತ್ತದೆ.

ಅವಳ ಪಕ್ಕದ ಸೀಟು ಖಾಲಿ ಇತ್ತು.
ಮಂಡಗದ್ದೆ ಬರುವ ತನಕ ಕೂತೆ.