ಎರಡು ಸಲ, ಮಾತಿಲ್ಲದೆ

ಮಂಗಳವಾರ ರೊಮುಲೊ ಬಂದು
ನನ್ನ ಮೇಜಿನಡಿಯ ನಾಲ್ಕು ರೇಡಿಯೋ ಬಿಚ್ಚಿದ.
ಹನ್ನೊಂದು ವರ್ಷದ ಧೂಳು, ಒಣಗಿದ ಒಂದು ಜಿರಲೆ,
ಯಾರದೋ ಕೆಂಪು ಪೆನ್ನಿನ ಮುಚ್ಚಳ.
ಇವು ಇನ್ನು ಬೇಡ, ಎಂದ.
ಸಾಫ್ಟ್‌ವೇರು ನೇರ ರಿಪೀಟರಿನ ಜೊತೆಗೇ ಮಾತಾಡುತ್ತದೆ.

ನಾಲ್ವರು ದಲ್ಲಾಳಿಗಳು.
ಕ್ರೇನಿನವನ ಮಾತು ಗಾಳಿಯಲ್ಲಿ ಅಂಕಿಯಾಗಿ ಬಂದು
ಇವರ ಹೊಟ್ಟೆಯೊಳಗೆ ದನಿಯಾಗಿ
ತಂತಿ ಹಿಡಿದು ಕಂಪ್ಯೂಟರಿಗಿಳಿದು ಮತ್ತೆ ಅಂಕಿಯಾಗಿ
ನನ್ನ ಕಿವಿಗೆ ಬೀಳುವಷ್ಟರಲ್ಲಿ
ಎರಡನೇ ಸಲ ಕುದಿಸಿದ ಚಹಾ.
ಆ ಒಗರೇ ನನಗೆ ರೂಢಿಯಾಗಿತ್ತು.

ಈಗ ಒಂದೇ ನೀಲಿ ಕೇಬಲ್ಲು.
ಸೊಹಾರ್ ಬಂದರೆಲ್ಲ ತೆರೆಯ ಮೇಲೆ ಹನ್ನೆರಡು ಚೌಕ.
ಟಗ್ಗಿನವನು ಮುಗಿಸಲೆಂದು ಟ್ರಕ್ಕಿನವನು ಕಾಯಬೇಕಿಲ್ಲ.
ಮಾತಿಗಿಂತ ಮೊದಲು ಹೆಸರು ಬಂದು ನಿಲ್ಲುತ್ತದೆ,
ಹೆಸರಿನ ಪಕ್ಕ ನಕ್ಷೆ, ನಕ್ಷೆಯಲ್ಲಿ ಚುಕ್ಕಿ.

ಒಂದೇ ಅಲೆಯಲ್ಲಿ ಇಬ್ಬರು ಹೇಗೆ ಹಿಡಿಸುತ್ತಾರೆ ಮಾರಾಯ, ಅಂದೆ.
ಮೂವತ್ತು ಮಿಲಿಸೆಕೆಂಡು ಇವನಿಗೆ, ಮೂವತ್ತು ಅವನಿಗೆ,
ಒಬ್ಬ ಇರುವಾಗ ಇನ್ನೊಬ್ಬ ಇಲ್ಲ, ಅಂದ.
ನನಗೆ ನಗು ಬಂತು.
ಕ್ಯಾಂಪಿನ ನೂರಾ ಆರನೇ ಕೋಣೆಯಲ್ಲಿ
ಒಂದು ಮಂಚ: ಹಗಲು ನನ್ನದು,
ಇರುಳು ಉಚ್ಚಿಲದ ಹಮ್ಮಬ್ಬನದು.
ದಿಂಬಿನ ಈ ಮಗ್ಗುಲು ನಾನು, ಆ ಮಗ್ಗುಲು ಅವನು.
ಬೆಳಿಗ್ಗೆ ಆರಕ್ಕೆ ಮೆಟ್ಟಿಲಲ್ಲಿ ಸಿಗುತ್ತೇವೆ,
ಅವನು ಇಳಿಯುತ್ತ, ನಾನು ಹತ್ತುತ್ತ.
ಆಯ್ತಾ?
ಆಯ್ತು.
ಹಾಸಿಗೆ ಇನ್ನೂ ಬೆಚ್ಚಗಿರುತ್ತದೆ.

ಹಳೆಯ ಪೆಟ್ಟಿಗೆಗಳ ಕಾಲದಲ್ಲಿ
ಇರುಳು ಮೂರರ ಸುಮಾರಿಗೆ, ಹಡಗಿಲ್ಲದ ದಿನ,
ಯಾರೋ ಗುಂಡಿ ಒತ್ತಿ ಬಿಡುತ್ತಿದ್ದರು.
ಎರಡು ಸಲ. ಮಾತಿಲ್ಲ.
ಹಿಂದೆ ಒಂದು ಸದ್ದು, ಕಡಲೋ ಏಸಿಯೋ.
ನಾನೂ ಒತ್ತುತ್ತಿದ್ದೆ, ಎರಡು ಸಲ.
ಅಷ್ಟೇ. ಎರಡು ವರ್ಷ.
ಹೆಸರು ಮೇಜಿನಡಿ ರೇಡಿಯೋದ ಹಣೆಯಲ್ಲಿ ಮಿನುಗಿ ಆರುತ್ತಿತ್ತೇನೋ,
ಬಗ್ಗಿ ನೋಡಿದವನಲ್ಲ ನಾನು.
ಗೇಟಿನ ನೇಪಾಳಿ ಅಂದುಕೊಂಡೆ,
ಅದಿರಿನ ಬೆಲ್ಟಿನ ಹತ್ತಿರದ ಪಠಾಣ ಅಂದುಕೊಂಡೆ,
ಬೇಸರವಾದ ದಿನ ಹೆಂಗಸೊಬ್ಬಳು ಎಂದೂ.

ಆಮೇಲೆ ಚಹಾ ಯಂತ್ರದ ಮೇಲೆ ನೋಟೀಸು,
ಅರಬಿ, ಹಿಂದಿ, ಇಂಗ್ಲಿಷು:
ಕಾರಣವಿಲ್ಲದೆ ಗುಂಡಿ ಒತ್ತಿದರೆ ಐದು ರಿಯಾಲ್ ದಂಡ.
ಸಹಿ, ಖಲ್ಫಾನ್ ಅಲ್ ಮಾಮರಿ,
ಇರುಳು ಪಾಳಿಯ ಮೇಲ್ವಿಚಾರಕರು.
ಗುಂಡಿ ಮಾತ್ರ ನಿಲ್ಲಲಿಲ್ಲ.

ಶುಕ್ರವಾರ ಮೂರು ಗಂಟೆ ಏಳು ನಿಮಿಷ.
ಚೌಕವೊಂದು ಹಸಿರಾಗಿ ಆರಿತು, ಮತ್ತೆ ಹಸಿರಾಗಿ ಆರಿತು.
ಚುಕ್ಕಿ ಅಲೆತಡೆಯ ತುದಿಯಲ್ಲಿ, ನಿಂತ ಬಂಡಿ.
ಹೆಸರು ಓದಿದೆ.
ಕನ್ನಡಕ ಒರೆಸಿ ಇನ್ನೊಮ್ಮೆ ಓದಿದೆ:
ಖಲ್ಫಾನ್.

ಯಂತ್ರ ಆಗಲೇ ಬರೆದುಕೊಂಡಿತ್ತು,
ಕರೆ ಎರಡು, ಮಾತು ಸೊನ್ನೆ.
ನಾನು ಒತ್ತಿದರೆ ಅದೂ ಬರೆಯಲ್ಪಡುತ್ತದೆ,
ನನ್ನ ಹೆಸರು ಅವರ ಅಂಗೈಯಲ್ಲಿ ಬೆಳಗುತ್ತದೆ.
ದಂಡ ಐದೋ, ಇಬ್ಬರಿಗೂ ಸೇರಿ ಹತ್ತೋ,
ಲೆಕ್ಕ ಹಾಕುತ್ತಲೇ ಮೌಸು ಒತ್ತಿದೆ.
ಎರಡು ಸಲ.

ಚುಕ್ಕಿ ತುಂಬ ಹೊತ್ತು ಅಲ್ಲೇ ಇತ್ತು.

ಮರುದಿನ ಮೂರಕ್ಕೆ ಚೌಕ ಬೂದಿಬಣ್ಣದಲ್ಲೇ ಉಳಿಯಿತು.
ಅದರ ಮರುದಿನವೂ.
ರೊಮುಲೊ ಫೋನು ಮಾಡಿ ಕೇಳಿದ,
ಎಲ್ಲ ಸ್ಪಷ್ಟವಾಗಿ ಕೇಳುತ್ತಿದೆಯಾ?
ತುಂಬ ಸ್ಪಷ್ಟ, ಅಂದೆ.

ಐದನೇ ರಾತ್ರಿ ಹಸಿರಾಯಿತು.
ಗಂಟಲು ಸರಿಮಾಡಿಕೊಂಡ ಸದ್ದು,
ಅದರ ಹಿಂದೆ ಕಡಲು, ಈ ಸಲ ನಿಸ್ಸಂಶಯ ಕಡಲು.
ಆಮೇಲೆ ಅವರ ಒರಟು ಹಿಂದಿಯಲ್ಲಿ,
ಕಿಟಕಿಯಿಲ್ಲದ ಕೋಣೆಯಲ್ಲಿ ಕೂತ ನನ್ನನ್ನು
ಕಡಲ ನಡುವೆ ನಿಂತ ಮನುಷ್ಯ ಕೇಳಿದರು:
ಕಂಟ್ರೋಲ್, ಗಾಳಿ ಹೇಗಿದೆ?

ಇಲ್ಲಿ ಗಾಳಿಯಿಲ್ಲ ಸಾರ್, ಅಂದೆ.
ನೀವೇ ಹೇಳಿ.