ಅರವಟ್ಟಿಗೆ

ಕುಡಿ ಮಾರಾಯ, ಗ್ಲಾಸು ತೊಳೆದಿದ್ದೇನೆ.
ಸರಪಳಿ ಕಟ್ಟಿದ ಸ್ಟೀಲಿನ ಗ್ಲಾಸೆಂದು ಅನುಮಾನ ಬೇಡ,
ದಿನಕ್ಕೆ ನಾಲ್ಕು ಸಲ ಹುಣಸೆ ಹಾಕಿ ತಿಕ್ಕುತ್ತೇನೆ.
ಅಜ್ಮಾನಿನ ಈ ಗಲ್ಲಿಯಲ್ಲಿ, ಲಾಂಡ್ರಿಗೂ ಮಸೀದಿಗೂ ನಡುವೆ,
ಯಾರೋ ಪುಣ್ಯಾತ್ಮ ತೀರಿಹೋದ ತಾಯಿಯ ಹೆಸರಲ್ಲಿ
ಇಡಿಸಿದ ಕೂಲರು. ಪುಣ್ಯ ಅವನದು.
ತಿಕ್ಕುವುದಷ್ಟೇ ನನ್ನದು.

ಊರಲ್ಲಿ ಇದಕ್ಕೆ ಅರವಟ್ಟಿಗೆ ಅನ್ನುತ್ತಿದ್ದರು.
ಗಂಗೊಳ್ಳಿಯ ದಾರಿಯಲ್ಲಿ ಚೈತ್ರ ಬಂತೆಂದರೆ
ಮಡಕೆಯ ಕೊರಳಿಗೆ ಒದ್ದೆ ಬಟ್ಟೆ, ಪಕ್ಕದಲ್ಲಿ ಬೆಲ್ಲದ ತುಂಡು.
ಕೊಟ್ಟವ ಯಾರೆಂದು ಕುಡಿದವರು ಕೇಳುತ್ತಿರಲಿಲ್ಲ.
ನನ್ನನ್ನು ಕೇಳಬೇಕಿತ್ತು, ಒಬ್ಬರಾದರೂ.

ಹಡಗಿನಲ್ಲಿ ಅಡುಗೆಯವನಿಗೆ ಭಂಡಾರಿ ಅನ್ನುತ್ತಾರೆ.
ಅಕ್ಕಿ ನನ್ನ ಕೈಯಲ್ಲಿ, ಬೇಳೆ ನನ್ನ ಕೈಯಲ್ಲಿ,
ಕೀಲಿ ನನ್ನ ಸೊಂಟದಲ್ಲಿ.
ಮೂರು ಸಲ ಹೆಸರು ಅಳಿಸಿ ಬಳಿದ ಮುದಿ ಟ್ಯಾಂಕರು,
ಎಂಟು ಜನ. ಮಾಲೀಕ ಫೋನು ಎತ್ತುವುದು ಬಿಟ್ಟು
ಹತ್ತನೆಯ ತಿಂಗಳು. ಡೀಸೆಲ್ಲಿಲ್ಲ, ಫ್ಯಾನಿಲ್ಲ, ದೀಪವಿಲ್ಲ.
ಎದುರಿಗೆ ಊರು. ಅಲ್ಲೇ.
ಕಾರ್ನಿಶಿನಲ್ಲಿ ಕಾರು ತಿರುಗುವುದು ಕಾಣುತ್ತಿತ್ತು,
ಯಾರದೋ ಕಿಟಕಿಯಲ್ಲಿ ಟೀವಿಯ ನೀಲಿಯೂ.

ಆಗಸ್ಟು. ಬೆಳಗಿನ ಜಾವ ಡೆಕ್ಕಿನ ಕಬ್ಬಿಣಕ್ಕೆ ಕೂತ ಇಬ್ಬನಿಯನ್ನು
ಬನಿಯನಿನಲ್ಲಿ ಒರೆಸಿ ಹಿಂಡುತ್ತಿದ್ದೆವು.
ತುಕ್ಕಿನ ರುಚಿ, ಪಕ್ಕದವನ ಬೆವರಿನ ರುಚಿ.
ಆಳಿಗೊಂದು ಚಹಾದ ಲೋಟ ನೀರು. ಆಮೇಲೆ ಅರ್ಧ.
ಆಮೇಲೆ ಬಾಟಲಿಯ ಮುಚ್ಚಳದಲ್ಲಿ ಅಳೆದೆ.
ಒಂದು ದಿನ ಮುಗೀತು ಎಂದೆ. ಕ್ಯಾಪ್ಟನ್ ನಂಬಿದ.
ಭಂಡಾರಿಯ ಮಾತು.

ಮುಗಿದಿರಲಿಲ್ಲ.
ಅಕ್ಕಿಯ ಡ್ರಮ್ಮಿನ ಹಿಂದೆ, ಗೋಣಿಯ ಅಡಿಗೆ
ಇಪ್ಪತ್ತು ಲೀಟರಿನ ಕ್ಯಾನು, ಸೀಲು ಒಡೆಯದ್ದು.
ನನಗೆಂದಲ್ಲ, ಹಾಗೆ ಹೇಳಿಕೊಂಡೆ,
ನಾಳೆಗೆ.
ನಾಳೆ ಇವತ್ತಿಗಿಂತ ಕೆಟ್ಟದಿದ್ದರೆ?
ಅಮ್ಮನ ಲೆಕ್ಕ ಅದು: ಯಾವ ಬರಗಾಲಕ್ಕೂ
ಮಡಕೆಯ ತಳದಲ್ಲೊಂದು ಹಿಡಿ.

ಬಾಂಛಾನಿಧಿಗೆ ಹತ್ತೊಂಬತ್ತು. ಬಾಲೇಶ್ವರದ ಕಡೆಯವ,
ಎಂಜಿನ್ ನಿಂತು ವರ್ಷವಾಗುತ್ತ ಬಂದರೂ ಉಗುರಿನ ಮಸಿ ಹೋಗಿರಲಿಲ್ಲ.
ಗಾಳಿ ಸತ್ತ ಒಂದು ಇರುಳು, ಏನು ಹೇಳಲಿ,
ಕಡಲು ಅಷ್ಟು ಚಂದ ಇರಬಾರದಿತ್ತು:
ಬಕೆಟ್ಟು ಇಳಿಸಿದರೆ ನೀರಿಗೆ ನೀರೇ ಮಿಣುಕು,
ಹಗ್ಗದಿಂದ ಜಾರುವ ಹನಿಹನಿಯೂ ಕಿಡಿ.
‘ದಾದಾ, ಇದು ಸಿಹಿ’ ಎಂದ. ಕುಡಿದ.
ನಾನು ಎದ್ದು ಕೂತೆ.
ಕೀಲಿ ಸೊಂಟಕ್ಕೆ ಒತ್ತಿತು.
ಮತ್ತೆ ಮಲಗಿದೆ.

ಮೂರು ದಿನ ಕೂಗಿದ: ಸುವರ್ಣರೇಖಾ, ಸುವರ್ಣರೇಖಾ.
ಹುಡುಗಿಯೆಂದುಕೊಂಡೆವು.
ಅವನೂರ ಹೊಳೆಯಂತೆ.
ನಾಲ್ಕನೆಯ ದಿನ ಬಾಯಿಗೆ ನೀರು ಬಿಡಿ ಎಂದರು ಯಾರೋ.
ಬನಿಯನು ಹಿಂಡಿದೆ. ನಾನೇ.
ಇದೇ ಕೈ.

ಐದನೆಯ ದಿನ ದೋಣಿ ಬಂತು.
ಎಲ್ಲರೂ ಟ್ರಂಕು ಹಿಡಿದು ಇಳಿದರು,
ನಾನು ಗೋಣಿಯಲ್ಲಿ ಸುತ್ತಿದ್ದನ್ನು ತಬ್ಬಿ ಇಳಿದೆ.
ಅಕ್ಕಿಯೆಂದುಕೊಂಡರು.

ಉಪ್ಪು ತಿಂದವ ನೀರು ಕುಡಿಯಲೇಬೇಕಂತೆ.
ಗಾದೆ ಕಟ್ಟಿದವರು ಕಡಲಿಗೆ ಹೋದವರಲ್ಲ.
ಕ್ಯಾನು ಈಗಲೂ ನನ್ನ ಮಂಚದ ಕೆಳಗಿದೆ.
ಕುಡಿಯಲಾರೆ, ಚೆಲ್ಲಲಾರೆ, ಯಾರಿಗೆಂದು ಕೊಡಲಿ?
ರೂಮಿನಲ್ಲೊಬ್ಬ ಅದನ್ನು ಝಮ್‌ಝಮ್ ಅಂದುಕೊಂಡಿದ್ದಾನೆ,
ಇನ್ನೊಬ್ಬ ಗಂಗಾಜಲ.
ಇಬ್ಬರೂ ಆ ಕಡೆ ಕಾಲು ಚಾಚುವುದಿಲ್ಲ.

ಹುಡುಗನ ಅಪ್ಪ ಫೋನಿನಲ್ಲಿ ಅತ್ತ.
‘ಕ್ಯಾಪ್ಟನ್ ಸಾಹೇಬರು ಹೇಳಿದರು,
ಕೊನೆಯ ಹನಿ ನೀವೇ ಕೊಟ್ಟಿರಂತೆ,
ನಿಮ್ಮ ಹೊಟ್ಟೆ ತಣ್ಣಗಿರಲಿ.’
ಹೂಂ ಎಂದೆ.
ಹೂಂ ಎಂದೆನಲ್ಲ, ಅದಕ್ಕೆ ಇನ್ನೆಷ್ಟು ಗ್ಲಾಸು ತಿಕ್ಕಬೇಕೋ.

ಇಷ್ಟನ್ನೂ ನಿನಗೆ ಹೇಳಬೇಕೆಂದಿದ್ದೆ.
ನೀನು ಫೋನಿಗೆ ಕಿವಿಗೊಟ್ಟು, ಬಾಯಿ ಒರೆಸಿ, ಹೋದೆ.
ತಳದಲ್ಲಿ ಎರಡು ಗುಟುಕು ಬಿಟ್ಟಿದ್ದೀಯ.
ಲಾಂಡ್ರಿಯ ಎಸಿಯ ಕೆಳಗಿನ ಬೆಕ್ಕು
ತಲೆಯೆತ್ತಿ ನೋಡುತ್ತಿದೆ,
ಗ್ಲಾಸನ್ನಲ್ಲ, ನನ್ನನ್ನು.