ಮೈನಸ್ ಒಂದು ಸೆಕೆಂಡು

ಸೇತುವೆಯ ಎತ್ತರ ಹದಿನೈದು ಮೀಟರ್ ಅಂದುಕೊಳ್ಳಿ,
ಅಂದರು ಗ್ಲಾಡಿಸ್ ಟೀಚರ್.
ನಿಜಕ್ಕೂ ಎಷ್ಟೋ, ಅವರಿಗೂ ಗೊತ್ತಿರಲಿಲ್ಲ.
ತೀರ್ಥಹಳ್ಳಿಯ ಜೂನಿಯರ್ ಕಾಲೇಜಿನ ಕರಿಹಲಗೆಯಲ್ಲಿ
ತುಂಗೆ ಒಂದು ಅಡ್ಡಗೆರೆ,
ಗೆರೆಯ ಮೇಲೆಲ್ಲೋ ಒಂದು ಕೈ, ಕೈಯಲ್ಲಿ ಕಲ್ಲು,
ಸೆಕೆಂಡಿಗೆ ಹತ್ತು ಮೀಟರಿನಂತೆ ಮೇಲಕ್ಕೆ.
ಹದಿನೈದು, ಕೂಡು ಹತ್ತು ಟಿ, ಕಳೆ ಐದು ಟಿ ವರ್ಗ.
ನೀರು ಮುಟ್ಟುವುದು ಯಾವಾಗ?

ಐದರಿಂದ ಭಾಗಿಸಿದೆವು. ನಡುವಿನ ಪದ ಒಡೆದೆವು.
ಶೇಷಗಿರಿ ಆಗಲೇ ಮುಗಿಸಿ ಪೆನ್ನಿನ ಮುಚ್ಚಳ ಕಚ್ಚುತ್ತಿದ್ದ.
ಮೂಲಗಳು ಎರಡು: ಮೂರು. ಮೈನಸ್ ಒಂದು.
‘ಕಾಲ ಋಣವಾಗಿರಲಾರದು, ಆದ್ದರಿಂದ ಬಿಟ್ಟಿದೆ’
ಅಂತ ಬರೆಯಿರಿ. ಬರೆಯದಿದ್ದರೆ ಅರ್ಧ ಅಂಕ ಹೋಯಿತು.

ನಾನು ಬರೆಯಲಿಲ್ಲ. ಹಟಕ್ಕಲ್ಲ.
ಋಣ ಅನ್ನುವುದು ನಮ್ಮ ಮನೆಯಲ್ಲಿ
ಬಿಟ್ಟಿದೆ ಅಂದರೆ ಬಿಡುವಂಥದ್ದಲ್ಲ.
ಮೂಲವೂ ಅಷ್ಟೆ.
ಹಾನಗಲ್ಲಿನ ಕಡೆಯಿಂದ ಮರಳು ಜರಡಿ ಹಿಡಿಯಲು ಬಂದ ಅಪ್ಪನಿಗೆ
ಬಾಡಿಗೆ ಮನೆಯವರು ಕೇಳಿದ ಮೊದಲ ಮಾತೇ
‘ನಿಮ್ಮ ಮೂಲ ಎಲ್ಲಿ?’

ಶನಿವಾರ ಬೆಳಗಿನ ಕ್ಲಾಸು ಬಿಟ್ಟ ಮೇಲೆ
ಟೀಚರ್ ನನ್ನನ್ನು ಸೇತುವೆಗೆ ನಡೆಸಿಕೊಂಡು ಹೋದರು.
ಒಂದು ಕೈಲಿ ಊಟದ ಡಬ್ಬಿ, ಇನ್ನೊಂದರಲ್ಲಿ
ಪಿ.ಟಿ. ಮೇಷ್ಟ್ರ ಹತ್ತಿರ ಕಾಡಿ ತಂದ ಸ್ಟಾಪ್‌ವಾಚು.
ಕಲ್ಲು ನನ್ನದು.

ಎಸೆದೆ.
ಅದು ಮೊದಲು ನಮ್ಮಿಬ್ಬರನ್ನೂ ಮೀರಿ ಏರಿತು,
ತುದಿಯಲ್ಲಿ ನಿಂತಿತು, ನಿಂತಿತು ಅನ್ನುವಷ್ಟೂ ನಿಲ್ಲಲಿಲ್ಲ,
ಆಮೇಲೆ ಲಾರಿಯೊಂದು ಹಾದು ಸೇತುವೆ ನಡುಗಿತು,
ಸದ್ದು ಕೇಳಲಿಲ್ಲ, ಉಂಗುರ ಮಾತ್ರ ಕಂಡಿತು.
ಎರಡು ಪಾಯಿಂಟ್ ಆರು.
ಲೆಕ್ಕದ ಸೇತುವೆ ಬೇರೆ ಕಣೇ, ಅಂದರು.

ತಡೆಗೋಡೆಯ ಮೇಲೆ ನೋಟ್‌ಬುಕ್ ಇಟ್ಟು
ಪರವಲಯದ ಎಡಮಗ್ಗುಲನ್ನು ಚುಕ್ಕಿಚುಕ್ಕಿಯಾಗಿ ಇಳಿಸಿದರು.
ಇಲ್ಲಿ, ಸೊನ್ನೆಯಲ್ಲಿ, ನಿನ್ನ ಕೈ.
ಅದಕ್ಕೂ ಒಂದು ಸೆಕೆಂಡು ಹಿಂದೆ ಕಲ್ಲು ನೀರಲ್ಲೇ ಇತ್ತು.
ಅಲ್ಲಿಂದೆದ್ದು ಕೈಯನ್ನು ಹಾದು ಹೋಯಿತು, ಅಷ್ಟೆ.
ಸಮೀಕರಣಕ್ಕೆ ಕೈ ಗೊತ್ತಿಲ್ಲ,
ಹೊಳೆಯಿಂದ ಹೊಳೆಗೆ ಮಾತ್ರ ಗೊತ್ತು.

ನಾನು ಸುಮ್ಮನಿದ್ದೆ.
ಆ ಕಲ್ಲು ಅಪ್ಪನ ಜರಡಿಯ ಮೇಲೆ ಉಳಿದದ್ದು,
ಇದೇ ಹೊಳೆಯ ಮರಳಿನದು, ಬೇಡದ್ದು,
ಬೆಳಿಗ್ಗೆ ಬರುತ್ತ ಕಿಸೆಗೆ ಹಾಕಿಕೊಂಡದ್ದು.

ಡಿಸೆಂಬರಿನಲ್ಲಿ ಅವರಿಗೆ ಸೊರಬಕ್ಕೆ ವರ್ಗವಾಯಿತು.
ವರ್ಗ ಕಲಿಸಿದವರಿಗೆ ವರ್ಗ, ಅಂದ ಶೇಷಗಿರಿ, ಯಾರೂ ನಗಲಿಲ್ಲ.
ಪರೀಕ್ಷೆಯಲ್ಲಿ ‘ಬಿಟ್ಟಿದೆ’ ಎಂದೇ ಬರೆದೆ,
ಅರ್ಧ ಅಂಕ ಬೇಕಿತ್ತು.
ಪಕ್ಕದ ಚಿತ್ರದಲ್ಲಿ ಮಾತ್ರ
ಎಡಕ್ಕಿಳಿಯುವ ಪೆನ್ಸಿಲ್ ಚುಕ್ಕಿಗಳನ್ನು
ಅಳಿಸುವ ಹೊತ್ತಿಗೆ ಗಂಟೆ ಹೊಡೆಯಿತು ಅಂತ
ಇವತ್ತಿಗೂ ಹೇಳುತ್ತೇನೆ.